ಗಾಡಿ ಬಿಟ್ಟು ಇಳಿದ ಡ್ರೈವರು

ಯಾತ್ರೆ ಬಸ್ಸು ಓಡಿಸಿ ಓಡಿಸಿ ನಿವೃತ್ತರಾದ ಡ್ರೈವರು ಒಂದು ಹಳೆಯ ಮಿನಿಬಸ್ಸು ಕೊಂಡರು. ಬಡಗಿ ಕೆಲಸದ ಅಳಿಯ ಅದರ ಹಿಂದಿನ ಸೀಟುಗಳನ್ನೆಲ್ಲ ಕಿತ್ತು, ಮಂಚ, ಮಡಚುವ ಮೇಜು, ಗ್ಯಾಸ್ ಒಲೆ, ಅಂಗೈಯಗಲದ ಬಚ್ಚಲು ಕೂರಿಸಿಕೊಟ್ಟ. ಅದಕ್ಕೆ ಮನೆಗಾಡಿ ಎಂದು ಹೆಸರು ಬಿತ್ತು. ಡ್ರೈವರು, ಅವರ ಹೆಂಡತಿ ಮತ್ತು ತಂಗಿ ಅದರಲ್ಲಿ ಹಳೆಯ ಪುಣ್ಯಸ್ಥಳಗಳನ್ನು ನೋಡಲು ಹೊರಟರು.

ತಂಗಿ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದವಳು. ಕಲ್ಲೊಂದು ಕಂಡರೆ ಸಾಕು, ಅದನ್ನು ಕೆತ್ತಿಸಿದವನ ಮುತ್ತಜ್ಜನಿಂದ ಕತೆ ಶುರು. ಹೆಂಡತಿ ಟೈಲರು. ಗೋಪುರ ನೋಡು ಎಂದರೆ ಅದರ ಕೆಳಗೆ ನಿಂತ ಸನ್ಯಾಸಿಯ ನಿಲುವಂಗಿ ನೋಡಿ, "ಪಾಪ, ತೋಳು ಸರಿಯಾಗಿ ಕೂತಿಲ್ಲ" ಎನ್ನುವವಳು. ಅತ್ತಿಗೆ ನಾದಿನಿ ಇಬ್ಬರಿಗೂ ಅದೇ ಖುಷಿ.

ಡ್ರೈವರು ಮಾತ್ರ ಎಲ್ಲಿಯೂ ಒಳಗೆ ಕಾಲಿಡುತ್ತಿರಲಿಲ್ಲ. ಗಾಡಿ ನಿಲ್ಲಿಸಿ, ಟೈರಿಗೊಂದು ಒದೆ ಕೊಟ್ಟು, ಸೀಟಿನಲ್ಲೇ ಒರಗಿ ಮುಖದ ಮೇಲೆ ಟವೆಲ್ ಎಳೆದುಕೊಳ್ಳುತ್ತಿದ್ದರು.

"ಅಣ್ಣಾ, ಇಷ್ಟು ದೂರ ಬಂದು ಒಳಗೆ ಬರಲ್ಲ ಅಂದ್ರೆ ಹೇಗೆ?"

"ಗಾಡಿ ಯಾರು ನೋಡ್ಕೋತಾರೆ?"

"ಗಾಡಿ ಏನು ಹಸುಗೂಸಾ?"

"ಹಸುಗೂಸಾಗಿದ್ರೆ ಎತ್ಕೊಂಡು ಬರ್ತಿದ್ದೆ," ಎಂದು ಟವೆಲಿನೊಳಗಿಂದಲೇ ಉತ್ತರ ಬರುತ್ತಿತ್ತು.

ಹೀಗೆ ಸುತ್ತುತ್ತಾ ಬೆಟ್ಟದ ಮೇಲಿನ ಹಳೆಯ ಮಠವೊಂದಕ್ಕೆ ಬಂದರು. ದಾರಿಯ ಒಂದೊಂದು ತಿರುವನ್ನೂ ಅದು ಬರುವ ಮೊದಲೇ ಬಲ್ಲವರಂತೆ ಡ್ರೈವರು ಸ್ಟಿಯರಿಂಗ್ ತಿರುಗಿಸುವುದನ್ನು ಹೆಂಡತಿ ಗಮನಿಸಿದಳು.

"ಇಲ್ಲಿಗೆ ಮುಂಚೆ ಬಂದಿದ್ದೀರಾ?"

"ಬಂದಿದ್ದೀನಾ ಅಂತೀಯಲ್ಲ. ನಮ್ಮ ಬಸ್ಸು ಬೇರೆ ಎಲ್ಲಿಗೆ ಬರ್ತಿತ್ತು? ಸರ್ವಿಸ್ ಪೂರ್ತಿ ಇದೇ ಬೆಟ್ಟ."

"ಒಳಗೆ ಹೇಗಿದೆ?"

"ನನಗೇನು ಗೊತ್ತು? ಹೊರಗೆ ಟೀ ಅಂಗಡಿ ಚೆನ್ನಾಗಿದೆ."

ಹೆಂಡತಿ ತಿರುಗಿ ಗಂಡನನ್ನು ನೋಡಿದಳು. ಊರೂರಿನವರನ್ನೆಲ್ಲ ಬಾಗಿಲಿನವರೆಗೆ ತಂದು ಬಿಟ್ಟ ಮನುಷ್ಯ ಒಂದು ದಿನವೂ ಆ ಬಾಗಿಲು ದಾಟಿಲ್ಲ. ಗಾಡಿ ನಿಂತಾಗ ಆಕೆ ಕೈ ಚಾಚಿದಳು.

"ಇವತ್ತು ನಾನು ಗಾಡಿ ಕಾಯ್ತೀನಿ. ಕೀ ಕೊಡಿ."

"ಕೀ ಯಾಕೆ?"

"ಸೆಕೆ ಆದ್ರೆ ಫ್ಯಾನ್ ಹಾಕ್ಕೋಬೇಡ್ವಾ?"

ಊರಿಂದ ಹೊರಡುವ ಮೊದಲು ಆಪತ್ತಿಗಿರಲಿ ಎಂದು ಡ್ರೈವರೇ ಆಕೆಗೆ ಮೈದಾನದಲ್ಲಿ ಗಾಡಿ ಕಲಿಸಿದ್ದರು. ಲೈಸೆನ್ಸೂ ಆಗಿತ್ತು. ಆದರೆ ರಸ್ತೆಯಲ್ಲಿ ಒಂದು ಸಲವೂ ಸ್ಟಿಯರಿಂಗ್ ಬಿಟ್ಟುಕೊಟ್ಟಿರಲಿಲ್ಲ. ಈಗ ಹಲ್ಲು ಕೀಳಿಸಿಕೊಳ್ಳುವವರಂತೆ ಮುಖ ಮಾಡಿ ಕೀ ಕೊಟ್ಟರು. ತಿರುತಿರುಗಿ ನೋಡುತ್ತಾ ತಂಗಿಯ ಹಿಂದೆ ಮೆಟ್ಟಿಲು ಹತ್ತಿದರು.

ಬಾಗಿಲಲ್ಲಿ ತಂಗಿ ಯಾವುದೋ ರಾಜನ ಕತೆ ಎತ್ತಿಕೊಂಡಳು. ಡ್ರೈವರ ಕಣ್ಣು ಕಲ್ಲಿನ ಹೊಸ್ತಿಲ ಮೇಲೆ ನೆಟ್ಟಿತ್ತು. ನಡುವೆ ಅದು ದೋಣಿಯ ಹಾಗೆ ತಗ್ಗಾಗಿತ್ತು.

"ಇದ್ಯಾಕೆ ಹೀಗಾಗಿದೆ?"

"ಜನ ತುಳಿದು ತುಳಿದು ಸವೆದಿದೆ ಅಣ್ಣ. ಎಷ್ಟೋ ತಲೆಮಾರಿಂದ."

ಡ್ರೈವರು ಕುಕ್ಕರುಗಾಲಲ್ಲಿ ಕೂತು ಆ ತಗ್ಗಿನ ಮೇಲೆ ಅಂಗೈ ಆಡಿಸಿದರು. "ಹಾಗಾದ್ರೆ ಇದ್ರಲ್ಲಿ ಕೂದಲೆಳೆಯಷ್ಟಾದ್ರೂ ನಮ್ಮ ಬಸ್ಸಿನವ್ರದ್ದು," ಎಂದರು.

ತಂಗಿ ಅಣ್ಣನ ತೋಳು ಹಿಡಿದು ಒಳಗೆ ಕರೆದೊಯ್ದಳು. ಒಳಗೆ ತಂಪಿತ್ತು, ಮಾಸಿದ ಚಿತ್ರಗಳಿದ್ದವು. ಡ್ರೈವರು ಒಂದು ಕಂಬಕ್ಕೆ ಒರಗಿ, ಕೈ ಎಲ್ಲಿಡಬೇಕೆಂದು ತಿಳಿಯದ ಹೊಸ ಅಳಿಯನ ಹಾಗೆ ಕೂತರು. ಆಮೇಲೆ ಏಳುವ ಮನಸ್ಸೇ ಬರಲಿಲ್ಲ.

ಅಷ್ಟರಲ್ಲಿ ಹೊರಗೆ ಕಾವಲುಗಾರ ಮನೆಗಾಡಿಯ ಕಿಟಕಿ ತಟ್ಟಿದ. "ಅಮ್ಮಾ, ಗಾಡಿ ತೆಗೀರಿ. ಬಸ್ಸು ತಿರುಗಿಸೋಕೆ ಜಾಗ ಸಾಲ್ತಿಲ್ಲ."

"ನಮ್ಮೆಜಮಾನ್ರು ಒಳಗೆ ಹೋಗಿದ್ದಾರೆ."

"ನಿಮಗೆ ಓಡ್ಸೋಕೆ ಬರಲ್ವಾ?"

ಇಲ್ಲ ಎನ್ನಬೇಕೆಂದು ಬಾಯಿ ತೆರೆದವಳು "ಬರುತ್ತೆ" ಎಂದುಬಿಟ್ಟಳು. ಆಡಿದ ಮೇಲೆ ಮುಗಿಯಿತು. ಹಿಂದೆ ಇಳಿಜಾರು, ಒಂದು ಕಡೆ ಸುಣ್ಣದ ಗೋಡೆ, ಇನ್ನೊಂದು ಕಡೆ ಚರಂಡಿ. ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳು. ಎಂಜಿನ್ ಒಮ್ಮೆ ಕೆಮ್ಮಿ ಸತ್ತಿತು. ಎರಡನೆಯ ಸಲ ಹಿಡಿದುಕೊಂಡಿತು, ಒಳಗೆ ಪಾತ್ರೆಗಳು ಧಡಾರೆಂದು ಉರುಳಿದವು. ಆಕೆ ಕನ್ನಡಿಯಲ್ಲಿ ಗೋಡೆಯನ್ನೇ ನೋಡುತ್ತಾ, ಬಟ್ಟೆಗೆ ಅಂಚು ಬಿಟ್ಟು ಹೊಲಿಯುವ ಹಾಗೆ ನಿಧಾನವಾಗಿ ಹಿಂದೆ ಸರಿದಳು. ಕೆಳಗಿನ ಅಂಗಳದ ಮರದಡಿ ಗಾಡಿ ನಿಂತಾಗ ರವಿಕೆ ಬೆನ್ನಿಗೆ ಅಂಟಿತ್ತು.

ಬಸ್ಸಿನ ಡ್ರೈವರ್ ತಲೆ ಹೊರಹಾಕಿ, "ಎಡಕ್ಕೆ ಸ್ವಲ್ಪ ಜಾಸ್ತಿ ಎಳದ್ರಿ. ಪರವಾಗಿಲ್ಲ," ಎಂದು ಹೋದ.

ಡ್ರೈವರು ಮಠದಿಂದ ಹೊರಬಂದಾಗ ಗಾಡಿಯ ಜಾಗ ಖಾಲಿ. ತಂಗಿ ಕೂಗುತ್ತಿದ್ದರೂ ಕೇಳಿಸಿಕೊಳ್ಳದೆ ಮೆಟ್ಟಿಲಿಳಿದು ಓಡಿದರು. ಕೆಳಗಿನ ಅಂಗಳದಲ್ಲಿ ಹೆಂಡತಿ ಗಾಡಿಯ ಬಾಗಿಲಲ್ಲಿ ಕೂತು ನೀರು ಕುಡಿಯುತ್ತಿದ್ದಳು.

"ಯಾರು ತಂದಿದ್ದು?"

"ಇನ್ಯಾರು? ನಾನೇ."

ಡ್ರೈವರು ಗಾಡಿಗೆ ಸುತ್ತು ಹಾಕಿದರು. ಹಿಂದಿನ ಬಂಪರಿನ ಮೂಲೆಯಲ್ಲಿ ಸುಣ್ಣದ ಗೀರೊಂದಿತ್ತು. ಹೆಬ್ಬೆರಳಿನಿಂದ ಉಜ್ಜಿದರು.

"ಅಂಚು ಸ್ವಲ್ಪ ತಾಗ್ತು," ಎಂದಳು ಹೆಂಡತಿ, ಮೆಲ್ಲಗೆ.

"ಇಷ್ಟೇನಾ? ಮೊದಲ ಸಲ ಬಂದಾಗ ನಾನು ಆ ಗೋಡೆಗೆ ಬಸ್ಸಿನ ಹಿಂದಿನ ಲೈಟನ್ನೇ ಕೊಟ್ಟು ಹೋಗಿದ್ದೆ."

"ಇದನ್ನ ಯಾವತ್ತೂ ಹೇಳಿರ್ಲಿಲ್ಲ."

"ಕಲಿಸೋವಾಗ ಯಾರಾದ್ರೂ ಹೇಳ್ತಾರಾ?"

ಹೆಂಡತಿ ನಕ್ಕಳು. ಒಳಗೇನಿತ್ತು ಎಂದು ಕೇಳಿದ್ದಕ್ಕೆ ಡ್ರೈವರು ಉತ್ತರ ಕೊಡದೆ, "ಬಾ, ತೋರಿಸ್ತೀನಿ," ಎಂದರು. ಗಾಡಿಗೆ ಬೀಗ ಹಾಕಿ, ಒಮ್ಮೆ ಎಳೆದು ನೋಡಿ, ಮತ್ತೆ ಮೆಟ್ಟಿಲು ಹತ್ತಿದರು. ಟೀ ಅಂಗಡಿಯಲ್ಲಿ ಕೂತ ತಂಗಿ ಅಣ್ಣನನ್ನು ನೋಡಿ, "ರಾಜನ ಕತೆ ತಪ್ಪು ಹೇಳ್ಬೇಡ," ಎಂದು ಕೂಗಿದಳು.

ಬೆಟ್ಟ ಇಳಿಯುವವರೆಗೆ ಡ್ರೈವರೇ ಓಡಿಸಿದರು. ಬಯಲಿನ ನೇರ ರಸ್ತೆ ಸಿಕ್ಕಾಗ ಗಾಡಿ ಪಕ್ಕಕ್ಕೆ ನಿಲ್ಲಿಸಿ ಕೆಳಗಿಳಿದರು.

"ಯಾಕೆ, ಏನಾಯ್ತು?" ಎಂದಳು ಹೆಂಡತಿ.

"ನೀನು ಈ ಕಡೆ ಬಾ. ನಂಗೆ ಸ್ವಲ್ಪ ನಿದ್ದೆ ಬೇಕು."

ನಿದ್ದೆಯೇನೂ ಬರಲಿಲ್ಲ. ಮುಂದಿನ ಊರಿನವರೆಗೂ ಅವರು ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಲೇ ಇದ್ದರು.