ನಾಯಿಯ ದಿನ ಕಟ್ಟಿದ ಪಟ್ಟಿ

ಬೆಳ್ಳಗಿರೋದೆಲ್ಲ ಹಾಲಲ್ಲ, ಉಬ್ಬಿದ ಹೊಟ್ಟೆಯೆಲ್ಲ ಬಸಿರಲ್ಲ. ತೋಫು ಅಂಗಡಿಯ ತೊಮೆ ಅಜ್ಜಿಗೆ ಇದು ಎಪ್ಪತ್ತೊಂದನೇ ವಯಸ್ಸಿಗೆ ಗೊತ್ತಾಯಿತು, ಅದೂ ನಾಯಿಯ ದೆಸೆಯಿಂದ.

ಆಜುಕಿ ಒಂಬತ್ತು ವರ್ಷದ ಕೆಂಚು ಹೆಣ್ಣುನಾಯಿ. ಬೆಳಗ್ಗೆ ಅದು ಬಾಗಿಲಲ್ಲಿ ಕೂರದಿದ್ದರೆ ತೊಮೆಗೆ ಕೈಯೇ ಓಡದು. ಒಂದೂವರೆ ತಿಂಗಳ ಹಿಂದೆ ಅದು ಬೆದೆಗೆ ಬಂದಾಗ ಪಕ್ಕದ ಮನೆಯ ಗಂಡುನಾಯಿ ಬೇಲಿ ಹಾರಿತ್ತು. ಈಗ ನೋಡಿದರೆ ಹೊಟ್ಟೆ ದಪ್ಪ, ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ.

"ಈ ವಯಸ್ಸಲ್ಲಿ ನಿಂಗಿದೆಲ್ಲ ಬೇಕಿತ್ತೇನೆ?" ಎಂದು ಬೈದಳು. ಒಳಗೊಳಗೇ ಹಿಗ್ಗು.

ನಾಯಿಗೆ ಹೆರಿಗೆ ಸಲೀಸು ಅಂತ, ಪಂಚಾಂಗದಲ್ಲಿ ಹನ್ನೆರಡು ದಿನಕ್ಕೊಮ್ಮೆ ಬರುವ ನಾಯಿಯ ದಿನ ನೋಡಿ ಬಸುರಿಯರು ಗುಡಿಯಲ್ಲಿ ಕೊಡುವ ಬಿಳಿ ಬಟ್ಟೆಯ ಪಟ್ಟಿ ಹೊಟ್ಟೆಗೆ ಕಟ್ಟಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ತೊಮೆಯೂ ಹೋಗಿ ಒಂದು ಪಟ್ಟಿ ತಂದಳು. ಯಾರಿಗೆ ಎಂದು ಪೂಜಾರಿ ಕೇಳಿದ್ದಕ್ಕೆ, "ನಮ್ಮನೆ ಹುಡುಗಿಗೆ" ಎಂದಳು. ಸುಳ್ಳೇನಲ್ಲವಲ್ಲ!

ಹೊಟ್ಟೆಗೆ ಪಟ್ಟಿ ಕಟ್ಟಿದ ಮರುದಿನ ಆಜುಕಿ ಅನ್ನ ಮೂಸಿಯೂ ನೋಡಲಿಲ್ಲ. ಬಾಲದಡಿ ಕೆಟ್ಟ ವಾಸನೆಯ ಸ್ರಾವ. ತೊಮೆ ಗಾಬರಿಬಿದ್ದು ತೋಫು ಗಾಡಿಯಲ್ಲೇ ಅದನ್ನು ಮಲಗಿಸಿಕೊಂಡು ನಾಯಿಡಾಕ್ಟರ್ ಕುದೋ ಹತ್ತಿರ ತಳ್ಳಿಕೊಂಡು ಓಡಿದಳು.

ಪಟ್ಟಿ ಬಿಚ್ಚಿ, ಸ್ಕ್ಯಾನ್ ಮಾಡಿ, ಡಾಕ್ಟ್ರಮ್ಮ ಹಣೆ ಗಂಟಿಕ್ಕಿದಳು. "ಯಾರು ಕಟ್ಟಿದ್ದು ಇದನ್ನ?"

"ನಾನೇ. ಹೆರಿಗೆ ಸಲೀಸಾಗ್ಲಿ ಅಂತ..."

"ಮರಿ ಎಲ್ಲಿದೆ ಅಜ್ಜಿ! ಗರ್ಭಕೋಶದ ತುಂಬಾ ಕೀವು. ಇನ್ನೊಂದು ಸುತ್ತು ಬಿಗಿದಿದ್ರೆ ಒಳಗೇ ಒಡೀತಿತ್ತೋ ಏನೋ. ಈಗಲೇ ಕುಯ್ದು ಗರ್ಭಕೋಶ ತೆಗೀಬೇಕು. ಉಳಿಯುತ್ತೆ ಅಂತ ಮಾತು ಕೊಡಲಾರೆ."

ತೊಮೆ ಬಿಚ್ಚಿದ ಪಟ್ಟಿಯನ್ನು ಎತ್ತಿಕೊಂಡಳು. ನನ್ನ ಕೈಯಾರೆ ಕೊಲ್ಲುತ್ತಿದ್ದೆನಲ್ಲ! ಹೊರಗಿನ ಬೆಂಚಿನಲ್ಲಿ ಪಟ್ಟಿ ಹಿಚುಕುತ್ತಾ ಎರಡು ತಾಸು ಕೂತಳು. ಮರಿ ಬೇಡ ದೇವರೇ, ಇದೊಂದು ಉಳಿದರೆ ಸಾಕು.

ಬಾಗಿಲು ತೆರೆಯಿತು. "ಗಟ್ಟಿಪಿಂಡ ಅಜ್ಜಿ ನಿಮ್ಮ ಆಜುಕಿ. ಕೀವಿನ ಚೀಲ ಒಡೆಯೋದಕ್ಕೆ ಮುಂಚೆ ಇಡಿಯಾಗಿ ತೆಗೆದ್ವಿ."

ತೊಮೆಗೆ ಹೋದ ಜೀವ ಬಂದಂತಾಯಿತು. ಹಣೆ ಮೊಣಕಾಲಿಗೆ ತಾಗುವಷ್ಟು ಬಾಗಿದಳು, ಏಳಲೇ ಇಲ್ಲ. "ನಿಮ್ಮ ಹೊಟ್ಟೆ ತಣ್ಣಗಿರ್ಲಿ ತಾಯಿ" ಎನ್ನುತ್ತಾ ಪಟ್ಟಿಯಲ್ಲೇ ಕಣ್ಣೊರೆಸಿಕೊಂಡಳು.

"ಸೊಂಟ ಹಿಡ್ಕೊಂಡೀತು, ಏಳಿ! ನಿಮ್ಮನ್ನ ಕುಯ್ಯೋಕೆ ನಂಗೆ ಬರಲ್ಲ" ಎಂದು ಡಾಕ್ಟ್ರಮ್ಮ ನಕ್ಕಳು.

ಹೊಲಿಗೆ ಬಿಚ್ಚಿದ ಮೇಲೆ ತೊಮೆ ಪಟ್ಟಿ ಒಗೆದು ಮಡಚಿ ಗುಡಿಗೆ ಹೊರಟಳು. ಹೆರಿಗೆಯಾದವರು ಪಟ್ಟಿ ಮರಳಿಸಿ ಕೈಮುಗಿದು ಬರಬೇಕಷ್ಟೆ.

"ಸುಸೂತ್ರ ಆಯ್ತಾ? ಮಕ್ಕಳೆಷ್ಟು?" ಪೂಜಾರಿ ಕೇಳಿದ.

ತೊಮೆ ಪಕ್ಕಕ್ಕೆ ಸರಿದಳು. ಅವಳ ಬೆನ್ನ ಹಿಂದೆ ಆಜುಕಿ ಬಾಲ ಆಡಿಸುತ್ತಾ ನಿಂತಿತ್ತು.

"ಒಂದೇ ಸ್ವಾಮಿ. ಒಂಬತ್ತು ವರ್ಷದ್ದು."