ಪಾಪಮ್ಮನ ಹೊಸ ನೌಕರಿ

ಅಜ್ಜಂಪುರದ ಹೆಣ್ಣುಮಕ್ಕಳ ಸ್ಕೂಲಿಗೆ ಮಕ್ಕಳನ್ನು ಕರೆತರುವುದು ಪಾಪಮ್ಮನ ಕೆಲಸ. ಆ ಕಾಲದಲ್ಲಿ ಹೆಣ್ಣುಮಗು ಒಂಟಿಯಾಗಿ ಬೀದಿಗಿಳಿದರೆ ಊರು ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿತ್ತು. ಅದಕ್ಕೇ ಮಹಾರಾಜರ ಸರ್ಕಾರ ಸಂಬಳ ಕೊಟ್ಟು ಒಬ್ಬ ಹೆಂಗಸನ್ನು ಇಟ್ಟಿತ್ತು. ಬೆಳಿಗ್ಗೆ ಮನೆಮನೆಯ ಬಾಗಿಲಲ್ಲಿ ಕೂಗಿ ತಾಯಂದಿರ ಕೈಯಿಂದ ಮಕ್ಕಳನ್ನು ಇಸಕೊಳ್ಳಬೇಕು, ಸಂಜೆ ಅದೇ ಕೈಗೆ ಒಪ್ಪಿಸಬೇಕು. ಇಪ್ಪತ್ತು ವರ್ಷ ಪಾಪಮ್ಮ ಇದನ್ನೇ ಮಾಡಿದ್ದಳು. ಅತ್ತೆಯರ ಕೈಲಿ ಬೈಸಿಕೊಂಡಿದ್ದಳು, ನಾಯಿ ಕೈಲಿ ಕಚ್ಚಿಸಿಕೊಂಡಿದ್ದಳು. ಪ್ಲೇಗು ಹೋದ ಮೇಲೆ ಸ್ಕೂಲನ್ನೇ ಮರೆತ ಮನೆಗಳಿಗೆ ನುಗ್ಗಿ, ಜಗಳವಾಡಿ ಮಕ್ಕಳನ್ನು ಎಳೆದು ತಂದಿದ್ದಳು.

ಹೀಗಿರುವಾಗ ಸಂಬಳದ ಹೊಸ ಏರ್ಪಾಡು ಬಂತು. ಕಡೂರಿನಿಂದ ರೈಲಿನಲ್ಲಿ ಬಂದ ಇನ್ಸ್‌ಪೆಕ್ಟರು ಹುಕುಂ ಓದಿದರು. ಮಕ್ಕಳನ್ನು ಕರೆಯುವ ಹೆಂಗಸರೆಲ್ಲ ಇನ್ನು ಒಂದೇ ದರ್ಜೆ, ಎಲ್ಲರ ನೌಕರಿಯೂ ಇವತ್ತಿನಿಂದ ಶುರು. ಹಿಂದಿನ ವರ್ಷಗಳು ಬಡ್ತಿಗೂ ಇಲ್ಲ, ಪಿಂಚಣಿಗೂ ಇಲ್ಲ.

“ತರೀಕೆರೇಲಿ ಮೊನ್ನೆ ಸೇರ್ಕೊಂಡ ಹುಡುಗೀಗೂ ನನಗೂ ಒಂದೇನಾ ಬುದ್ಧಿ?”

“ಒಂದೇ. ನೀನೂ ಇವತ್ತು ಹೊಸದಾಗಿ ಸೇರಿದ ಹಾಗೆ.”

ಪಾಪಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸಂಬಳ ಕಡಿಮೆಯಾದರೆ ಗಂಜಿ ಕುಡಿದು ಬದುಕಬಹುದು. ಬದುಕಿದ್ದೇ ಸುಳ್ಳು ಅಂದರೆ ಹೇಗೆ ತಾಳುವುದು? ಬರಬೇಕಾದ್ದು ಅಳು. ಬಂದದ್ದು ಹಟ.

ಮಾರನೆಯ ದಿನ ಗಂಟೆ ಬಾರಿಸಿದರೂ ಸ್ಕೂಲಿಗೆ ಒಂದು ಮಗುವೂ ಬರಲಿಲ್ಲ. ಪಾಪಮ್ಮ ಸ್ಕೂಲಿನ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಮೈಸೂರಿನಿಂದ ಆಗಷ್ಟೇ ವರ್ಗವಾಗಿ ಬಂದಿದ್ದ ಹೆಡ್‌ಮಿಸ್ಟ್ರೆಸ್ ಸುಲೋಚನಮ್ಮ ಗಾಬರಿಯಾಗಿ ಓಡಿ ಬಂದರು.

“ಯಾಕೆ ಪಾಪಮ್ಮ, ಹೋಗಲಿಲ್ವೆ?”

“ಎಲ್ಲಿಗ್ ಹೋಗ್ಲಿ ಅಮ್ಮಾವ್ರೇ? ನಿನ್ನೆ ಸೇರ್ಕೊಂಡೋಳು ನಾನು. ಯಾರ ಮನೆ ಎಲ್ಲೈತೋ ಏನ್ ಕಂಡೆ? ಹೊಸಬ್ರಿಗೆ ಯಾರಾದ್ರೂ ತೋರಿಸ್ಕೊಡಬೇಕು.”

ಅಂದು ಮಕ್ಕಳ ಪರೀಕ್ಷೆ ಮಾಡಲೆಂದು ಊರಲ್ಲೇ ಉಳಿದಿದ್ದ ಇನ್ಸ್‌ಪೆಕ್ಟರು ಕೆಂಡವಾದರು. “ಕೆಲಸದಿಂದ ಕಿತ್ತು ಹಾಕ್ತೀನಿ.”

“ಹಾಕಿ ಬುದ್ಧಿ. ಒಂದಿನದ ನೌಕರಿ, ಹೋದ್ರೆ ಹೋಯ್ತು.”

ಬೇರೆ ದಾರಿಯಿಲ್ಲದೆ ಅವರು ಬೂಟು ಮೆಟ್ಟಿ ತಾವೇ ಹೊರಟರು. ಹಿಂದೆ ಸುಲೋಚನಮ್ಮ, ಅವರ ಹಿಂದೆ ಪಾಪಮ್ಮ. ಮೊದಲ ಮನೆಯ ದೊಡ್ಡಬೀರಪ್ಪ, ಕಂದಾಯದವರು ಬಂದರೆಂದು ಹಿತ್ತಲ ಬಾಗಿಲಿಂದ ತೋಟಕ್ಕೆ ಜಾರಿಕೊಂಡ. ಎರಡನೆಯ ಮನೆಯ ಕೆಂಚಮ್ಮ ಪಾಪಮ್ಮನ ಮುಖ ನೋಡಿಯೇ ವಿಷಯ ಅರಿತಳು. “ಗುರುತಿಲ್ಲದೋರ ಜತೆ ಹೆಣ್ಮಕ್ಕಳನ್ನ ಕಳಿಸಲ್ಲ ಸ್ವಾಮಿ,” ಎಂದು ಬಾಗಿಲು ಹಾಕಿಕೊಂಡಳು. ಸುದ್ದಿ ಇವರಿಗಿಂತ ಮುಂಚೆ ಬೀದಿ ಸುತ್ತಿತು. ಆಮೇಲೆ ಎಲ್ಲ ಬಾಗಿಲಲ್ಲೂ ಅದೇ ಮಾತು. ಪಾಪಮ್ಮ ಮಾತ್ರ ಊರನ್ನು ಮೊದಲ ಸಲ ಕಂಡವಳಂತೆ ಅತ್ತಿತ್ತ ನೋಡುತ್ತ ಬಂದಳು.

ಕೊಬ್ಬರಿ ವ್ಯಾಪಾರದ ಪಂಚಾಕ್ಷರಪ್ಪನವರ ಮನೆಯಲ್ಲಿ ಸೊಸೆ ಮಲ್ಲಿಕಾಂಬ ಕದದ ಮರೆಗೆ ಬಂದಳು. ಅವಳು ಇದೇ ಊರಲ್ಲಿ ಹುಟ್ಟಿದವಳು. ಈಗ ಅವಳ ಮಗಳೂ ಸ್ಕೂಲಿಗೆ ಹೋಗುತ್ತಿದ್ದಳು.

“ಸಾಹೇಬ್ರನ್ನ ಒಂದು ಮಾತು ಕೇಳಿ ಅಮ್ಮಾವ್ರೇ,” ಎಂದು ಸುಲೋಚನಮ್ಮನವರಿಗೆ ಹೇಳಿದಳು. “ಪಾಪಕ್ಕನ ನೌಕರಿ ನಿನ್ನೆ ಶುರುವಾಗಿದ್ರೆ, ನನ್ನನ್ನ ಕಂಕುಳಲ್ಲಿ ಎತ್ಕೊಂಡು ಸ್ಕೂಲಿಗೆ ಹೋದೋರ್ ಯಾರಂತೆ?”

ಇನ್ಸ್‌ಪೆಕ್ಟರು ಹುಕುಂ ಬಿಡಿಸಿ ಮತ್ತೊಮ್ಮೆ ಓದಿಕೊಂಡರು.

“ಇಪ್ಪತ್ತು ವರ್ಷದ ನೌಕರಿ ಅಂತ ಬರೀಲಿ. ನಾನು ರುಜು ಹಾಕ್ತೀನಿ,” ಎಂದಳು ಮಲ್ಲಿಕಾಂಬ.

ಕೊನೆಗೆ ಇನ್ಸ್‌ಪೆಕ್ಟರು ಆ ಮನೆಯ ಜಗಲಿಯಲ್ಲೇ ಕೂತು ಬರೆದರು. ಮಲ್ಲಿಕಾಂಬ ಹೊಸಿಲ ಒಳಗಿನಿಂದಲೇ ಕೈ ಚಾಚಿ ಕಾಗದ ತೆಗೆದುಕೊಂಡು ರುಜು ಹಾಕಿದಳು. ಕೆಂಚಮ್ಮ ಬಂದಳು, ತೀರ್ಥಮ್ಮ ಬಂದಳು, ಹಿಂದೆ ಪಾಪಮ್ಮನ ಕೈ ಹಿಡಿದು ಸ್ಕೂಲಿಗೆ ಹೋಗಿದ್ದ ಇನ್ನಷ್ಟು ಹೆಂಗಸರು ಸೆರಗು ಹೊದ್ದು ಬಂದು ರುಜು ಹಾಕಿದರು. ಪಾಪಮ್ಮನಿಗೆ ಓದು ಬರದು. ಆದರೂ ಕಾಗದದ ಮೇಲೆ ಒಂದೇ ಒಂದು ಹೆಬ್ಬೆಟ್ಟಿಲ್ಲವೆಂಬುದು ಅವಳಿಗೆ ಕಂಡಿತು. ಆಗ ಮಾತ್ರ ಕಣ್ಣು ತುಂಬಿತು.

“ಮೇಲಕ್ಕೆ ಕಳಿಸ್ತೀನಿ,” ಎಂದರು ಇನ್ಸ್‌ಪೆಕ್ಟರು. “ಇನ್ನಾದರೂ ಮಕ್ಕಳನ್ನ ಕರಕೊಂಡು ನಡಿಯಮ್ಮ.”

“ಜವಾಬು ಬರ್ಲಿ ಬುದ್ಧಿ. ಅಲ್ಲೀಗಂಟ ನಾನು ಹೊಸಬಳೇ. ನೀವು ಮುಂದೆ ನಡೀರಿ.”

ತಾಯಂದಿರು ನಗುತ್ತ ಮಕ್ಕಳನ್ನು ಹೊರಡಿಸಿದರು. ಇನ್ಸ್‌ಪೆಕ್ಟರು ಮುಂದೆ, ಮಕ್ಕಳೆಲ್ಲ ಸಾಲಾಗಿ ಹಿಂದೆ. ಮೂರು ಬೀದಿ ಕೂಡುವಲ್ಲಿ ಅವರು ದಾರಿ ತಿಳಿಯದೆ ನಿಂತು ತಿರುಗಿ ನೋಡಿದರು. ಪಾಪಮ್ಮ ಮಲ್ಲಿಕಾಂಬಳ ಮಗಳ ಕೈ ಹಿಡಿದುಕೊಂಡು ತಾನೂ ಸುಮ್ಮನೆ ನಿಂತಳು.