ಚಾಪೆಯ ಮೇಲಿನ ರಾಜಿ

ಥೂ, ಮತ್ತೆ ಉಗುಳಿದರು ಮರ್ಸಾಲಜ್ಜ, ಎಲೆಯಡಿಕೆಯ ಕೆಂಪು ರಸ ಚಾಪೆಯ ಅಂಚಿಗೇ ಬಿತ್ತು, ಎರ್ಮೆಲಿಂಡಾ ಕಾಲು ಹಿಂದಕ್ಕೆಳೆದುಕೊಂಡಳು — ಈ ರಾಜಿಯ ಚಾಪೆ ಹಾಸಿಸಿದವಳು ತಾನೇ ಅಲ್ಲವೇ, ಪೊಲೀಸರು ಬೇಡ, ಹತ್ತನೇ ಕ್ಲಾಸಿನ ಮಕ್ಕಳು, ಊರ ಹಿರಿಯರು ಕೂರಿಸಿ ಮಾತಾಡಲಿ ಎಂದು ಹೆಡ್‌ಮಾಸ್ತರರ ಮುಂದೆ ದೊಡ್ಡ ಟೀಚರಮ್ಮನ ಗತ್ತಿನಲ್ಲಿ ಹೇಳಿದವಳು, ಈಗ ನೋಡು, ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತ ನಾತೆರ್ಸಿಯಾಳನ್ನೇ ಅಜ್ಜ ಕೇಳುತ್ತಿದ್ದಾರೆ, ಅಲ್ಲಮ್ಮಾ, ಕಲ್ಲು ಬರೋವಾಗ ನೀನ್ಯಾಕೆ ಅಲ್ಲೇ ನಿಂತಿದ್ದೆ, ಸುತ್ತ ಕೂತವರು ಹೌದ್ಹೌದು ಎಂದು ನಗುತ್ತಾರೆ, ಶಾಲೆಯ ನಲ್ಲಿ ಹತ್ತಿರ ಎರಡು ಕೇರಿಯ ಹುಡುಗಿಯರು ಕಿತ್ತಾಡಿದಾಗ ಕಲ್ಲು ಎಸೆದವಳು ಝೆಲಿಯಾ, ಅಜ್ಜನ ಸ್ವಂತ ಮೊಮ್ಮಗಳು, ಇದು ಗೊತ್ತಿಲ್ಲದವರು ಇಲ್ಲಿ ಯಾರಿದ್ದಾರೆ, ಆದರೂ ಅವಳನ್ನು ಒಂದು ಮಾತು ಕೇಳಿಲ್ಲ, ಹಿತ್ತಲಲ್ಲಿ ಹಂದಿ ಬೇಯುವ ವಾಸನೆ, ರಾಜಿಗೆ ಮೊದಲೇ ರಾಜಿಯೂಟಕ್ಕೆ ಕೊಯ್ದಿದ್ದಾರೆ, ಥೂ, ಈ ಜೊಲ್ಲಿಗೆ, ಈ ನಗೆಗೆ, ಇವರನ್ನು ನಂಬಿದ ತನಗೂ — ಅವಳ ಅಪ್ಪ ಕೂತಿದ್ದ ಚಾಪೆ ಬೇರೆಯಿತ್ತು, ಗಲಭೆಯಲ್ಲಿ ಊರು ಸುಟ್ಟ ವರ್ಷದ ಮರುವರ್ಷ, ಅವಳಿಗಾಗ ಒಂಬತ್ತು, ಬೆಂಕಿಯಿಟ್ಟವನು ಎಲ್ಲರೆದುರು ಮಂಡಿಯೂರಿ, ಅಣ್ಣಾ, ನಿನ್ನ ಮನೆ ಸುಟ್ಟಿದ್ದು ನಾನೇ ಕಣೋ ಎಂದ, ಆಮೇಲಷ್ಟೇ ಅಪ್ಪ ಕೈ ಹಿಡಿದ, ಅಪ್ಪ ಅತ್ತದ್ದನ್ನು ಅವಳು ಆವತ್ತೇ ಮೊದಲು ನೋಡಿದ್ದು.

ಸಾಕು, ಕೈ ಕೈ ಹಿಡ್ಕೊಳ್ಳಿ, ಊಟ ಆರೋಗುತ್ತೆ, ಎನ್ನುತ್ತಾರೆ ಅಜ್ಜ, ಝೆಲಿಯಾ ಕೈ ಚಾಚುತ್ತಾಳೆ, ನಾತೆರ್ಸಿಯಾ ಅಲುಗುವುದಿಲ್ಲ, ನಾನು ಕೊಡಲ್ಲ — ಟೀಚರ್, ನೀವಾದ್ರೂ ಬುದ್ಧಿ ಹೇಳಿ, ಹಿರಿಯರೊಬ್ಬರು ಇತ್ತ ತಿರುಗುತ್ತಾರೆ, ಹೇಳುತ್ತೇನೆ, ಎರ್ಮೆಲಿಂಡಾ ಎದ್ದಿದ್ದಾಳೆ, ತನ್ನ ದನಿ ತನಗೇ ಕರ್ಕಶ, ಕಲ್ಲು ಯಾರು ಎಸೆದ್ರು ಅಂತ ಮೊದಲು ಕೇಳಿ ಅಜ್ಜಾ, ಹೆಂಗಸರಿಗೆ ಇಲ್ಲೇನಮ್ಮ ಕೆಲಸ ಕೂತ್ಕೋ, ಎನ್ನುತ್ತಾರೆ ಅಜ್ಜ, ಒಪ್ಪಂದವಾಗದೆ ಚಾಪೆ ಸುತ್ತಬಾರದು, ಅದು ಊರ ಕಟ್ಟಳೆ, ಇದುವರೆಗೆ ಯಾರೂ ಸುತ್ತಿದ್ದಿಲ್ಲ, ಅವಳು ಬಗ್ಗಿ ಆ ಕೆಂಪು ಎಂಜಲಿನ ಅಂಚನ್ನೇ ಹಿಡಿದು ಸುತ್ತತೊಡಗುತ್ತಾಳೆ, ಬೆರಳಿಗೆ ಅಂಟು, ಬೆಚ್ಚಗೆ, ಥೂ, ಇನ್ನೊಂದು ಸುತ್ತು, ಹಿರಿಯರು ಬೈಯುತ್ತ, ಪಂಚೆ ಬಾಚಿಕೊಂಡು ಏಳುತ್ತಾರೆ, ಹುಚ್ಚು ಹಿಡೀತಾ ಇವಳಿಗೆ, ಸುರುಳಿ ಝೆಲಿಯಾಳ ಮಂಡಿಗೆ ತಾಗಿ ನಿಂತಿತು, ಅವಳು ಎದ್ದಿಲ್ಲ, ಬಾಯಿ ತೆರೆದಿದ್ದಾಳೆ, ಹೇಳ್ತೀನಿ ಅಂದೆ ಟೀಚರ್, ಅಜ್ಜ ಬೇಡ ಅಂದ್ರು, ನಾನೇ, ನಾನೇ ಎಸೆದಿದ್ದು — ನಾತೆರ್ಸಿಯಾ ಒಂದೇ ಕಣ್ಣಲ್ಲಿ ನೋಡುತ್ತಿದ್ದಾಳೆ, ಝೆಲಿಯಾ ಇನ್ನೂ ಚಾಚಿಯೇ ಇರುವ ಆ ಕೈಯನ್ನು, ಉಗುರು ಕಚ್ಚಿ ಕಚ್ಚಿ ರಕ್ತ ಬಂದ ಬೆರಳುಗಳನ್ನು, ಕೈ, ಅಂಗೈ ಮೇಲಾಗಿ, ಆ ಕೈ —